ದಿನಕ್ಕೊಂದು ಸಣ್ಣ ಉಪಕಾರ: ಮಲೆನಾಡಿನ ಮನೆಗಳಿಗೆ ಕೈಪಿಡಿ

ದೊಡ್ಡ ಕಷ್ಟಕ್ಕೆ ಮಲೆನಾಡಿನಲ್ಲಿ ಜನ ಸೇರದೆ ಇರುವುದಿಲ್ಲ. ಕೊಟ್ಟಿಗೆಗೆ ಬೆಂಕಿ ಬಿದ್ದರೆ, ದರೆ ಕುಸಿದು ರಸ್ತೆ ಮುಚ್ಚಿದರೆ, ನಡುರಾತ್ರಿ ಯಾರನ್ನಾದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಬೇಕಾದರೆ ಕರೆಯದೆಯೇ ಹತ್ತು ಜನ ಬಂದು ನಿಲ್ಲುತ್ತಾರೆ. ತೊಂದರೆ ಇರುವುದು ಏನೂ ಆಗದ ದಿನಗಳಲ್ಲಿ. ಮನೆಯಿಂದ ಮನೆಗೆ ಅರ್ಧ ಮೈಲಿ ತೋಟ, ಮಕ್ಕಳು ಬೆಂಗಳೂರಿನಲ್ಲಿ, ಮಳೆ ಹಿಡಿದರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಅಂಥ ಮನೆಯಲ್ಲಿ ಇಬ್ಬರೇ ಇರುವ ವಯಸ್ಸಾದವರಿಗೆ ಬೇಕಾಗಿರುವುದು ಒಂದು ಪಟ್ಟಿ ಮಾತ್ರೆ, ಒಂದು ಫಾರಂ ತುಂಬಿಕೊಡುವ ಕೈ, ಐದು ನಿಮಿಷದ ಮಾತು. ಇಷ್ಟು ಸಣ್ಣದನ್ನು ಕೇಳಲು ಅವರಿಗೆ ಸಂಕೋಚ. ಕೇಳದಿದ್ದರೆ ನಮಗೆ ನೆನಪಾಗುವುದಿಲ್ಲ.

ನೆನಪಾಗದಿರುವುದಕ್ಕೆ ಮನಸ್ಸು ಕೆಟ್ಟದ್ದು ಅಂತ ಬೈದುಕೊಳ್ಳಬೇಕಿಲ್ಲ. ಯುಗಾದಿ ದಿನ ಮಾಡಿಕೊಳ್ಳುವ ‘ಇನ್ನು ಮೇಲೆ ಎಲ್ಲರಿಗೂ ಒಳ್ಳೆಯದು ಮಾಡ್ತೀನಿ’ ಅನ್ನುವ ಸಂಕಲ್ಪದಲ್ಲಿ ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಒಂದೂ ಇರುವುದಿಲ್ಲ. ಹಾಗಾಗಿ ಅದು ನಾಲ್ಕನೇ ದಿನಕ್ಕೆ ಮರೆತುಹೋಗುತ್ತದೆ.

ಮೊದಲು ಕೊಂಡಿ

ಈಗಾಗಲೇ ತಪ್ಪದೆ ಮಾಡುತ್ತಿರುವ ಒಂದು ಕೆಲಸ ಆರಿಸಿಕೊಳ್ಳಿ. ಬೆಳಿಗ್ಗೆ ಡೈರಿಗೆ ಹಾಲು ಹಾಕುವುದು, ಮಗುವನ್ನು ಶಾಲೆ ಬಸ್ಸಿಗೆ ಹತ್ತಿಸುವುದು, ಸಂಜೆ ಪಂಪ್‌ಸೆಟ್ ಆಫ್ ಮಾಡುವುದು, ರಾತ್ರಿ ಊಟದ ತಟ್ಟೆ ತೊಳೆಯುವುದು, ಯಾವುದಾದರೂ ಸರಿ. ಆ ಕೆಲಸವೇ ಕೊಂಡಿ, ಅದರ ಬಾಲಕ್ಕೆ ಉಪಕಾರವನ್ನು ಕಟ್ಟಿ. ವಾಕ್ಯ ಹೀಗಿರಲಿ: ‘ಡೈರಿಯಲ್ಲಿ ಕ್ಯಾನ್ ತೊಳೆದ ಮೇಲೆ, ಮೇಲಿನ ಮನೆ ಅಜ್ಜಿಗೆ ಪೇಟೆಯಿಂದ ಏನಾದರೂ ಬೇಕಾ ಅಂತ ಕೇಳಿ ಬರ್ತೀನಿ.’ ಕೆಲಸ, ಜಾಗ, ವ್ಯಕ್ತಿ ಮೂರೂ ಬಂದವು. ‘ದಿನಾ ಯಾರಿಗಾದರೂ ಸಹಾಯ’ ಅಂದರೆ ಮೂರೂ ಇಲ್ಲ.

ಗಡಿಯಾರದ ಅಲಾರಂ ಇಟ್ಟುಕೊಂಡರೆ ಆಗದೇ? ಆಗುತ್ತದೆ, ಆದರೆ ಅಲಾರಂ ಹೊಡೆದಾಗ ನೀವು ಅಡಿಕೆ ಮರದ ಬುಡದಲ್ಲೋ ಬಸ್ಸಿನಲ್ಲೋ ಇರುತ್ತೀರಿ. ‘ಆಮೇಲೆ’ ಅಂತ ಅದರ ಬಾಯಿ ಮುಚ್ಚಿಸುತ್ತೀರಿ. ಒಂದು ವಾರ ಹಾಗಾದರೆ ಅಲಾರಂ ಕೇಳಿಸುವುದೇ ನಿಲ್ಲುತ್ತದೆ. ಡೈರಿಯ ದಾರಿ ಹಾಗಲ್ಲ, ಕಾಲೇ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ.

ಅಳತೆಯ ವಿಷಯದಲ್ಲಿ ಜಿಪುಣರಾಗಿ. ಶುರುವಿನಲ್ಲಿ ಎರಡು ನಿಮಿಷ, ಹತ್ತು ರೂಪಾಯಿ ಮೀರಬಾರದು. ಒಂದೇ ಉಪಕಾರ, ಎರಡು ವಾರ. ಉತ್ಸಾಹದಲ್ಲಿ ಮೂರು ಸೇರಿಸಿಕೊಂಡವರು ಸಾಮಾನ್ಯವಾಗಿ ಮೂರನ್ನೂ ಒಟ್ಟಿಗೇ ಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಹೊಸ ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಬೇಕಾಗುವ ದಿನಗಳ ನಡುವಿನ ಅಂಕಿ 66. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 12 ವಾರದ ಆಚೆಗೂ ಲೆಕ್ಕ ಹಾಕಿದಾಗ 254 ದಿನ ಬೇಕಾದೀತು ಅಂತ ಬಂತು. ಹಗುರವಾದ ಕೆಲಸ ಬೇಗ ಅಂಟಿತು. ವಾಟ್ಸಾಪಿನಲ್ಲಿ ಓಡಾಡುವ ‘21 ದಿನದ ಸೂತ್ರ’ ನಂಬಿ 22ನೇ ದಿನ ಬೇಸರಪಟ್ಟುಕೊಳ್ಳಬೇಡಿ.

ಚೀಲದಲ್ಲಿ ಇರಬೇಕಾದ್ದು

ಸಮಯ ಬಂದಾಗ ಕೈಯಲ್ಲಿ ವಸ್ತು ಇಲ್ಲದೆ ತಪ್ಪಿಹೋಗುವ ಉಪಕಾರಗಳೇ ಹೆಚ್ಚು. ಪೇಟೆಗೆ ಹೋಗುವ ಚೀಲದಲ್ಲಿ ಎರಡು ನೀಲಿ ಪೆನ್ನು (ಒಂದು ವಾಪಸ್ ಬರುವುದಿಲ್ಲ ಅಂತಲೇ ಲೆಕ್ಕ), ಹತ್ತು-ಇಪ್ಪತ್ತು ರೂಪಾಯಿಯ ಚಿಲ್ಲರೆ, ಮಡಚಿದ ಬಟ್ಟೆ ಚೀಲ, ಒಂದು ಒಆರ್‌ಎಸ್ ಪೊಟ್ಟಣ, ಸಣ್ಣ ಟಾರ್ಚ್ ಇರಲಿ. ಇವುಗಳ ಜೊತೆ +2 ಪವರಿನ ಒಂದು ಅಗ್ಗದ ಓದುವ ಕನ್ನಡಕವನ್ನೂ ಹಾಕಿಕೊಳ್ಳಿ. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ‘ಕನ್ನಡಕ ಮನೇಲೇ ಬಿಟ್ಟು ಬಂದೆ’ ಅನ್ನುವವರು ದಿನಕ್ಕೆ ಒಬ್ಬರಾದರೂ ಸಿಗುತ್ತಾರೆ. ಅವರ ಪರವಾಗಿ ಓದಿ ಹೇಳುವುದಕ್ಕಿಂತ ಅವರೇ ಓದಿಕೊಳ್ಳುವಂತೆ ಮಾಡುವುದು ಮೇಲು.

ಮಾತ್ರೆ ತಂದುಕೊಡುವುದು

ಒಂಟಿ ಮನೆಗಳಿರುವ ಊರಿನಲ್ಲಿ ಇದರಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ. ಇದರಷ್ಟು ತಪ್ಪಾಗುವ ಕೆಲಸವೂ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

‘ಬಿಪಿ ಮಾತ್ರೆ ತಾ’ ಅಂದದ್ದನ್ನು ಕೇಳಿಕೊಂಡು ಹೊರಡಬೇಡಿ. ಡಾಕ್ಟರ ಚೀಟಿಯನ್ನೂ ಹಳೆಯ ಪಟ್ಟಿಯ ಹಿಂಬದಿಯನ್ನೂ ಫೋಟೋ ತೆಗೆದುಕೊಳ್ಳಿ. ಹೆಸರು, ಮಿಲಿಗ್ರಾಂ, ಹೆಸರಿನ ಮುಂದಿರುವ ಅಕ್ಷರ ಮೂರೂ ಕಾಣಬೇಕು. ಆಮ್ಲೋಡಿಪಿನ್ 2.5 ಇದೆ, 5 ಇದೆ, 10 ಇದೆ. ಟೆಲ್ಮಿಸಾರ್ಟನ್ 40ಕ್ಕೂ ಟೆಲ್ಮಿಸಾರ್ಟನ್ 40 ಎಚ್‌ಗೂ ಒಂದಕ್ಷರದ ವ್ಯತ್ಯಾಸ, ಆದರೆ ಆ ‘ಎಚ್’ ಅಂದರೆ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧಿ ಒಳಗೆ ಸೇರಿದೆ ಅಂತ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500ರಲ್ಲಿ ಸಾದಾ ಬೇರೆ, ನಿಧಾನವಾಗಿ ಕರಗುವ ಎಸ್‌ಆರ್ ಬೇರೆ. ಅಂಗಡಿಯಲ್ಲಿ ಫೋಟೋ ತೋರಿಸಿ, ಕೊಟ್ಟದ್ದನ್ನು ಅದರ ಪಕ್ಕ ಹಿಡಿದು ನೋಡಿ, ಆಮೇಲೆ ದುಡ್ಡು ಕೊಡಿ.

ಅದೇ ಔಷಧಿ ಬೇರೆ ಕಂಪನಿಯದ್ದು ಅಂತ ಅಂಗಡಿಯವರು ಕೊಟ್ಟರೆ, ಅಥವಾ ಜನೌಷಧಿ ಕೇಂದ್ರದಿಂದ ಕಡಿಮೆ ಬೆಲೆಗೆ ತಂದರೆ, ಒಳಗಿನ ಮದ್ದು ಒಂದೇ ಆದರೂ ಪಟ್ಟಿಯ ಬಣ್ಣ ಬೇರೆ ಇರುತ್ತದೆ. ಅಪಾಯ ಇರುವುದು ಇಲ್ಲಿ: ಮನೆಯಲ್ಲಿ ಹಳೆಯ ಪಟ್ಟಿಯಲ್ಲಿ ನಾಲ್ಕು ಮಾತ್ರೆ ಉಳಿದಿದ್ದರೆ ವಯಸ್ಸಾದವರು ಎರಡನ್ನೂ ನುಂಗುತ್ತಾರೆ. ಹಳೆಯದನ್ನೂ ಹೊಸದನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಮೇಲೆ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ ‘ಎರಡೂ ಒಂದೇ, ಒಂದನ್ನು ಮಾತ್ರ’ ಅಂತ ಬರೆಯಿರಿ. ಇಡೀ ಪಟ್ಟಿ ಬೇಡ, ಆರು ಮಾತ್ರೆ ಸಾಕು ಅಂದರೆ ಕತ್ತರಿಸುವಾಗ ಅವಧಿ ಮುಗಿಯುವ ದಿನಾಂಕ ಮುದ್ರಿಸಿದ ಅಂಚು ನಮ್ಮ ಕಡೆಗೆ ಬರುವಂತೆ ಕೇಳಿ.

ಇನ್ಸುಲಿನ್ ತರುವುದಾದರೆ ಬೈಕಿನ ಡಿಕ್ಕಿಯಲ್ಲಿ ಹಾಕಬೇಡಿ, ಬಿಸಿಲಿಗೆ ಒಳಗೆ ಕುದಿಯುತ್ತದೆ. ಐಸ್ ಪ್ಯಾಕಿಗೆ ನೇರವಾಗಿ ತಾಗಿಸಲೂಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಬಟ್ಟೆ ಸುತ್ತಿದ ಐಸ್ ಪ್ಯಾಕಿನ ಜೊತೆ ಫ್ಲಾಸ್ಕಿನಲ್ಲಿಟ್ಟು ತನ್ನಿ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು.

ಮೃಗಶಿರ ಮಳೆ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ, ಒಂದು ತಿಂಗಳಿಗಾಗುವಷ್ಟು ತಂದಿಟ್ಟರೆ ಮಳೆ ಜೋರಾಗಿ ಹಳ್ಳ ತುಂಬಿದಾಗ ಪರದಾಡುವುದು ತಪ್ಪುತ್ತದೆ. ಫೋನಿನಲ್ಲಿ ‘ಹೇಗಿದ್ದೀರಿ’ ಅಂತ ಕೇಳಿದರೆ ಉತ್ತರ ಯಾವಾಗಲೂ ‘ಆರಾಮು’. ‘ಬೆಳಿಗ್ಗೆಯ ಮಾತ್ರೆ ಇನ್ನು ಎಷ್ಟು ಉಳಿದಿದೆ, ಎಣಿಸಿ ಹೇಳಿ’ ಅಂತ ಕೇಳಿ.

ಬ್ಯಾಂಕಿನ ಸಾಲಿನಲ್ಲಿ

ಗೃಹಲಕ್ಷ್ಮಿ ದುಡ್ಡು ಬಂತಾ, ಪಿಂಚಣಿ ಬಿತ್ತಾ ಅಂತ ನೋಡಲು ಪಾಸ್‌ಬುಕ್ ಹಿಡಿದು ನಿಂತವರ ಸಾಲಿನಲ್ಲಿ ಫಾರಂ ತುಂಬಿಕೊಡುವುದು ಎರಡು ನಿಮಿಷದ ಕೆಲಸ. ಪಾಸ್‌ಬುಕ್ಕನ್ನು ಅವರ ಕೈಯಲ್ಲೇ ಬಿಟ್ಟು, ಎದುರಿಗೆ ಹಿಡಿಯಲು ಹೇಳಿ, ನೋಡಿಕೊಂಡು ಖಾತೆ ಸಂಖ್ಯೆ ಬರೆಯಿರಿ. ಮೊತ್ತವನ್ನು ಅಂಕಿಯಲ್ಲಿ ಬರೆದ ಮೇಲೆ ಅಕ್ಷರದಲ್ಲೂ ಬರೆದು, ಕೊನೆಗೆ ‘ಮಾತ್ರ’ ಅಂತ ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಆಮೇಲೆ ಗಟ್ಟಿಯಾಗಿ ಓದಬೇಡಿ, ಅವರಿಗೆ ಕೇಳುವಷ್ಟೇ ಓದಿ. ಯಾರ ಖಾತೆಯಲ್ಲಿ ಎಷ್ಟಿದೆ ಅನ್ನುವುದು ಸಾಲಿನಲ್ಲಿರುವ ನೆಂಟರಿಗೆ ತಿಳಿಯಬೇಕಾಗಿಲ್ಲ. ಸಹಿಯೋ ಹೆಬ್ಬೆಟ್ಟೋ ಕೌಂಟರಿನಲ್ಲಿ, ಸಿಬ್ಬಂದಿಯ ಎದುರೇ ಆಗಲಿ.

ಎಟಿಎಂ ವಿಷಯದಲ್ಲಿ ಮಾತ್ರ ಕಲ್ಲು ಮನಸ್ಸು ಇರಲಿ. ಕಾರ್ಡನ್ನು ಕೈಗೆ ತೆಗೆದುಕೊಳ್ಳಬೇಡಿ, ಪಿನ್ ಕೇಳಬೇಡಿ, ಅವರಾಗಿಯೇ ಹೇಳಿದರೂ ಕೇಳಿಸಿಕೊಳ್ಳಬೇಡಿ. ಫೋನಿಗೆ ಬಂದ ಓಟಿಪಿಯನ್ನೂ ಅಷ್ಟೇ. ‘ಒಳಗೆ ಸಿಬ್ಬಂದಿಯನ್ನು ಕೇಳೋಣ ಬನ್ನಿ’ ಅಂತ ಜೊತೆಗೆ ಹೋಗಿ. ನಾಳೆ ಆ ಖಾತೆಯಿಂದ ದುಡ್ಡು ಹೋದರೆ ಮೊದಲು ನೆನಪಾಗುವ ಮುಖ ನಿಮ್ಮದೇ. ಅದಕ್ಕಿಂತ ಮುಖ್ಯ, ಅಪರಿಚಿತರಿಗೆ ಪಿನ್ ಹೇಳುವ ಅಭ್ಯಾಸವನ್ನು ನೀವೇ ಕಲಿಸಿದ ಹಾಗಾಗುತ್ತದೆ.

ಬಾಯಿಮಾತು

ಖರ್ಚಿಲ್ಲದ ಉಪಕಾರ ಇದು, ಆದರೆ ನಮ್ಮ ಕಡೆ ಬಾಯಿಗೆ ಬರುವುದು ಕಷ್ಟ. ಮನೆಯವರಿಗೆ, ಕೆಲಸದವರಿಗೆ ಥ್ಯಾಂಕ್ಸ್ ಹೇಳಿದರೆ ನಾಟಕ ಅನ್ನಿಸುತ್ತದೆ ಅನ್ನುವವರೇ ಹೆಚ್ಚು. ಹಾಗಾದರೆ ಥ್ಯಾಂಕ್ಸ್ ಅನ್ನಬೇಡಿ, ಏನು ನೋಡಿದಿರೋ ಅದನ್ನು ಹೇಳಿ. ‘ನಿನ್ನೆ ಅಷ್ಟು ಮಳೇಲಿ ನೀವು ಅಜ್ಜಿ ಇಳಿಯೋ ತನಕ ಬಸ್ ನಿಲ್ಸಿದ್ರಲ್ಲ, ನೋಡಿದೆ’ ಅಂತ ಕಂಡಕ್ಟರಿಗೆ ಹೇಳಿದರೆ ಸಾಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪೋಸ್ಟ್‌ಮ್ಯಾನ್ ಇವರಿಗೆ ದೂರು ದಿನಾ ತಲುಪುತ್ತದೆ, ಒಳ್ಳೆಯ ಮಾತು ತಲುಪುವುದು ಅಪರೂಪ. ಚಿಕಾಗೋದ ಒಂದು ಸ್ಕೇಟಿಂಗ್ ಅಂಗಳದಲ್ಲಿ ಚಳಿಯ ದಿನ ಅಪರಿಚಿತರಿಗೆ ಬಿಸಿ ಚಾಕೊಲೇಟ್ ಕೊಡಿಸಿ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಪಡೆದವರಿಗೆ ಆದ ಸಂತೋಷವನ್ನು ಕೊಟ್ಟವರು ಇದ್ದದ್ದಕ್ಕಿಂತ ಕಡಿಮೆಯೇ ಅಂದಾಜು ಮಾಡಿದ್ದರು. ‘ಇಷ್ಟು ಸಣ್ಣದ್ದು ಹೇಳಿದರೆ ಏನಂದುಕೊಳ್ಳುತ್ತಾರೋ’ ಅಂತ ನಾವು ಹಿಂಜರಿಯುವುದೂ ಇದೇ ತಪ್ಪು ಲೆಕ್ಕದಿಂದ.

ಲೈನ್‌ಮ್ಯಾನ್‌ಗಳ ವಿಷಯ ಬೇರೆ. ಮಳೆಗಾಲದಲ್ಲಿ ಅವರಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸರಿಯಾದ ಮಾಹಿತಿ. ಮೆಸ್ಕಾಂನ 1912ಕ್ಕೆ ಕರೆ ಮಾಡಿ ‘ನಮ್ಮೂರಲ್ಲಿ ಕರೆಂಟಿಲ್ಲ’ ಅಂದರೆ ಅವರು ಕತ್ತಲಲ್ಲಿ ಇಡೀ ಲೈನು ನಡೆಯಬೇಕು. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ ಟಿಸಿ ನಂಬರನ್ನು ಮೊದಲೇ ಬರೆದಿಟ್ಟುಕೊಂಡು, ಯಾವ ಮನೆಯ ತೋಟದಲ್ಲಿ, ಎಷ್ಟನೇ ಕಂಬದ ಹತ್ತಿರ ಮರ ಬಿದ್ದಿದೆ ಅಂತ ಹೇಳಿ. ತಂತಿ ನೆಲಕ್ಕೆ ಬಿದ್ದಿದ್ದರೆ ಅದನ್ನು ಮೊದಲು ಹೇಳಿ, ಹತ್ತಿರ ಯಾರನ್ನೂ ಬಿಡಬೇಡಿ. ಕೇರಿಯಿಂದ ಒಬ್ಬರೇ ಕರೆ ಮಾಡಿ, ಉಳಿದವರು ಸುಮ್ಮನಿರಿ. ಕಂಬದಿಂದ ಇಳಿದ ಮೇಲೆ ಕಷಾಯ ಕೊಡಿ, ಹತ್ತುವಾಗ ಮಾತಾಡಿಸಬೇಡಿ.

ತೋಟದ ಕೆಲಸಕ್ಕೆ ಬಂದವರಿಗೆ ಮನೆಯವರು ಕುಡಿಯುವ ಲೋಟದಲ್ಲೇ ಕಾಫಿ ಕೊಡುವುದನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ಉಪಕಾರ ಅಲ್ಲವೇ ಅಲ್ಲ. ಬೇರೆ ಲೋಟ ಇನ್ನೂ ಹಿತ್ತಿಲ ಮೂಲೆಯಲ್ಲಿ ಇದ್ದರೆ ಮೊದಲು ಅದನ್ನು ತೆಗೆದು, ಆಮೇಲೆ ಈ ಕೈಪಿಡಿ ಓದುವುದು ಒಳ್ಳೆಯದು.

ಯಾರೂ ನೋಡದ ಕೆಲಸಗಳು

ಅಡಿಕೆ ಹಾಳೆ ಒಂದು ಬಿದ್ದು ಮೋರಿಯ ಬಾಯಿಗೆ ಅಡ್ಡ ನಿಂತರೆ ಸಾಕು, ಅದರ ಹಿಂದೆ ದರಗು, ಕಡ್ಡಿ, ಪ್ಲಾಸ್ಟಿಕ್ ಸೇರಿ ಅರ್ಧ ಗಂಟೆಯ ಮಳೆಗೆ ನೀರು ರಸ್ತೆ ಹತ್ತುತ್ತದೆ. ಎರಡು ಮಳೆ ಕಳೆದರೆ ಆ ಜಾಗದಲ್ಲಿ ಡಾಂಬರು ಏಳುತ್ತದೆ, ಬೈಕು ಜಾರುತ್ತದೆ. ಹೋಗುವ ದಾರಿಯಲ್ಲಿ ಕೋಲಿನಿಂದ ಹಾಳೆ ಎಳೆದು ಬದಿಗೆ ಹಾಕಿ. ಕೈ ಹಾಕಬೇಡಿ, ಹಾಳೆಯ ಕೆಳಗೆ ಹಾವು ಇರುವುದುಂಟು. ಹಾಳೆಯನ್ನು ನೀರು ಬರುವ ಕಡೆಗೆ ಎಸೆದರೆ ನಾಳೆ ಮತ್ತೆ ಅಲ್ಲೇ ಬಂದು ಕೂರುತ್ತದೆ, ಹರಿದುಹೋಗುವ ದಿಕ್ಕಿನ ಆಚೆಗೆ ಎಸೆಯಿರಿ. ಹಾಗೆಯೇ, ಅಕ್ಕಪಕ್ಕದ ಮನೆಯ ವಯಸ್ಸಾದವರು ನಡೆಯುವ ಅಂಗಳದಲ್ಲಿ ಹಾವಸೆ ಕಟ್ಟಿದ್ದರೆ ನಾಲ್ಕು ಅಡಿಕೆ ದಬ್ಬೆ ಸಾಲಾಗಿ ಹಾಸಿಕೊಡಿ.

ಶಿವಮೊಗ್ಗ ನಗರದಲ್ಲಿರುವವರಿಗೆ ಒಡೆದ ಗಾಜಿನ ಕೆಲಸ. ಗಾಜು, ಬ್ಲೇಡು, ಸಿರಿಂಜಿನ ಸೂಜಿ ಹಸಿಕಸದಲ್ಲಿ ಸೇರಿದರೆ ಕೊಯ್ಯುವುದು ಪೌರಕಾರ್ಮಿಕರ ಕೈ. ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ ಕೆಂಪು ಪೆನ್ನಿನಲ್ಲಿ ಗುಣಿಸು ಚಿಹ್ನೆ ಬರೆದು, ಗಾಡಿಗೆ ಕೊಡುವಾಗ ಬಾಯಲ್ಲೂ ಹೇಳಿ. ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಬೇರೆ ಇಡಿ.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡುವವರು ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ ಇಡಲಿ, ನಡುವೆ ಒಂದು ಕಲ್ಲು ಇರಲಿ, ಸಣ್ಣ ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತದೆ. ದಿನಾ ನೀರು ಚೆಲ್ಲಿ ಒಳಬದಿ ಉಜ್ಜಿ ತೊಳೆಯಬೇಕು. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ನೀರು ಬದಲಿಸದ ತಟ್ಟೆಯಿಂದ ಊರಿಗೆ ಡೆಂಗಿ.

ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದನ್ನು ದಯೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಆಗುಂಬೆ ಘಾಟಿಯಲ್ಲಿ, ಜೋಗದಲ್ಲಿ ಅವು ರಸ್ತೆಗೆ ಬಂದು ಕೂರುವುದು ಇದರಿಂದಲೇ, ಗಾಡಿಗೆ ಸಿಕ್ಕಿ ಸಾಯುವುದೂ. ಮಂಗಕ್ಕೆ ಸಂಬಂಧಿಸಿದಂತೆ ಮಾಡಬೇಕಾದ ನಿಜವಾದ ಊರ ಉಪಕಾರ ಬೇರೆಯೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ತೋಟದಲ್ಲೋ ಕಾಡಿನಂಚಿನಲ್ಲೋ ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ಅದೇ ದಿನ ತಿಳಿಸಿ. ಆ ಕಡೆ ಸೊಪ್ಪು, ದರಗು ತರಲು ಹೋಗುವವರಿಗೂ ಹೇಳಿ.

ಋಣದ ಭಾರ

ಮುಯ್ಯಾಳು (ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ) ಕಟ್ಟಿಕೊಂಡು ನಾಟಿ, ಕೊಯ್ಲು ಮಾಡಿದ ಊರುಗಳು ಇವು. ಪಡೆದದ್ದನ್ನು ತೀರಿಸದೆ ಇಲ್ಲಿನವರಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ವಾರಕ್ಕೆ ಮೂರು ಸಲ ಏನಾದರೂ ತಂದುಕೊಟ್ಟು, ‘ಛೇ, ಏನೂ ಬೇಡ’ ಅಂತ ಪ್ರತಿ ಸಲ ಕೈ ಆಡಿಸಿ ಬಂದರೆ, ಆ ಮನೆಯವರು ಒಂದು ತಿಂಗಳಲ್ಲಿ ನಿಮ್ಮನ್ನು ಕೇಳುವುದನ್ನೇ ನಿಲ್ಲಿಸುತ್ತಾರೆ. ಬಿಲ್ಲು ತೋರಿಸಿ, ಚಿಲ್ಲರೆ ಸಮೇತ ಲೆಕ್ಕ ಕೊಟ್ಟು, ದುಡ್ಡು ತೆಗೆದುಕೊಳ್ಳಿ. ನಾಲ್ಕು ಬಾಳೆಕಾಯಿ, ಒಂದು ತುಂಡು ಸುವರ್ಣಗೆಡ್ಡೆ, ಅರ್ಧ ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟರೆ ಹಲ್ಲು ಬಿಟ್ಟು ಇಸಿದುಕೊಳ್ಳಿ. ಕೂತು ಬೆಲ್ಲ-ನೀರು ಕುಡಿದು ಬನ್ನಿ. ಸಣ್ಣದೊಂದು ಕೆಲಸ ಅವರಿಂದಲೂ ಕೇಳಿ: ಮಗುವಿನ ಕನ್ನಡ ಪಾಠ ಓದಿಸುವುದು, ಕರಿಬೇವಿನ ಗಿಡದ ಸಸಿ, ತಂಬುಳಿಗೆ ಯಾವ ಸೊಪ್ಪು ಅನ್ನುವುದು.

ಕೇಳದೆ ಮಾಡಬೇಡಿ. ರಸ್ತೆಯಲ್ಲಿ ನಡೆದು ಹೋಗುತ್ತಿರುವವರಿಗೆ ಡ್ರಾಪ್ ಕೊಡುವುದಾದರೆ ಪಕ್ಕದಲ್ಲೇ ಬ್ರೇಕ್ ಹಾಕದೆ ಹತ್ತು ಅಡಿ ಮುಂದೆ ನಿಲ್ಲಿಸಿ, ನೀವು ಯಾವ ಮನೆಯವರು ಅಂತ ಹೇಳಿ, ಒಂದೇ ಸಲ ಕೇಳಿ. ‘ಬೇಡ’ ಅಂದರೆ ಹೊರಡಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು. ಸೆರಗು, ಛತ್ರಿಯ ಪಟ್ಟಿ ಚಕ್ರದ ಕಡೆಗೆ ಇಳಿಬಿದ್ದಿದೆಯಾ ನೋಡಿ ಗೇರು ಹಾಕಿ.

ಫೋಟೋ ತೆಗೆದು ಸ್ಟೇಟಸ್ ಹಾಕುವುದು ಬೇಡ. ಪಡೆದವರ ನೆಂಟರೂ ಅದೇ ವಾಟ್ಸಾಪಿನಲ್ಲಿ ಇದ್ದಾರೆ.

ಇನ್ನೊಂದು ಓರೆ ಗೊತ್ತಾಗದಂತೆ ಬರುತ್ತದೆ: ಉಪಕಾರವೆಲ್ಲ ನಮ್ಮ ನೆಂಟರಿಗೆ, ನಮ್ಮ ಜಾತಿಯವರಿಗೆ, ನಮ್ಮ ಪಕ್ಷದವರಿಗೇ ಹೋಗುವುದು. ವಾರದ ಏಳರಲ್ಲಿ ಎರಡಾದರೂ ಆ ಬೇಲಿಯ ಆಚೆಗೆ ಹೋಗಬೇಕು ಅಂತ ಮೊದಲೇ ನಿಯಮ ಮಾಡಿಕೊಳ್ಳದಿದ್ದರೆ ಅದು ತಾನಾಗಿ ಆಗುವುದಿಲ್ಲ.

ಒಬ್ಬರೇ ದಿನಾ ಕೇಳಲು ಶುರು ಮಾಡಿದರೆ? ‘ಆಗಲ್ಲ’ ಅಂತ ಮುಖ ಒಡೆದ ಹಾಗೆ ಹೇಳುವುದೂ ಬೇಡ, ಮನಸ್ಸಿಲ್ಲದೆ ಮಾಡಿ ಒಳಗೇ ಕುದಿಯುವುದೂ ಬೇಡ. ದಿನ ಗೊತ್ತುಮಾಡಿ: ‘ಶುಕ್ರವಾರ ಸಾಗರಕ್ಕೆ ಹೋಗ್ತೀನಿ, ಗುರುವಾರ ರಾತ್ರಿಯೊಳಗೆ ಪಟ್ಟಿ ಕೊಡಿ.’

ಗುರುತು ಹಾಕುವುದು, ಮತ್ತೆ ಕಟ್ಟುವುದು

ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ದಿನದ ಚೌಕದ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು. ಯಾರಿಗೆ ಏನು ಮಾಡಿದೆ ಅಂತ ಬರೆಯಬೇಡಿ, ಬರೆದರೆ ಅದು ಸಾಲದ ಪುಸ್ತಕವಾಗುತ್ತದೆ, ಜಗಳದ ದಿನ ಹೊರಗೆ ಬರುತ್ತದೆ. ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಲಂಡನ್ನಿನ ಆ ಅಧ್ಯಯನದಲ್ಲೂ ಒಂದು ದಿನದ ಲೋಪ ಲೆಕ್ಕಕ್ಕೆ ಬರಲಿಲ್ಲ. ಸಾಲಾಗಿ ಮೂರು ದಿನ ತಪ್ಪಿದರೆ ಕೆಲಸ ದೊಡ್ಡದಾಗಿದೆ ಅಂತ ಅರ್ಥ, ಅರ್ಧಕ್ಕೆ ಇಳಿಸಿ. ಮನೆಗೆ ಹೋಗಿ ವಿಚಾರಿಸುವುದು ಆಗದಿದ್ದರೆ ಫೋನು ಮಾಡಿ. ಅದೂ ಆಗದಿದ್ದರೆ ಮೋರಿಯ ಹಾಳೆ ಎಳೆಯಿರಿ.

ಮಲೆನಾಡಿನಲ್ಲಿ ಅಭ್ಯಾಸ ಕಡಿಯುವುದು ಹೆಚ್ಚಾಗಿ ಕಾಲ ಬದಲಾದಾಗ. ಜೂನಿನಲ್ಲಿ ಶಾಲೆ ಶುರುವಾಗಿ ಬೆಳಗಿನ ಹೊತ್ತು ಪಲ್ಲಟವಾಗುತ್ತದೆ. ಪುನರ್ವಸು ಮಳೆಯಲ್ಲಿ ಡೈರಿಗೆ ನಿಮ್ಮ ಬದಲು ಮಗ ಹೋಗುತ್ತಾನೆ, ಕೊಂಡಿ ಅವನ ಜೊತೆ ಹೋಯಿತು. ಅಡಿಕೆ ಕೊಯ್ಲು ಬಂದರೆ ಸುಲಿಯುವುದು, ಬೇಯಿಸುವುದು ಅಂತ ರಾತ್ರಿ ಹನ್ನೊಂದಾಗುತ್ತದೆ, ಸಂಜೆ ಏಳರ ಫೋನು ನೆನಪಾದಾಗ ಆ ಕಡೆಯವರು ಮಲಗಿರುತ್ತಾರೆ. ಆಗ ಹಳೆಯ ಕೊಂಡಿಯನ್ನು ಹಿಡಿದು ಎಳೆದಾಡಬೇಡಿ. ಕೊಯ್ಲಿನ ಮೊದಲ ದಿನವೇ ಹೊಸದನ್ನು ಆರಿಸಿ: ಸುಲಿಯಲು ಕೂತು ಮೊದಲ ಬುಟ್ಟಿ ಎಳೆದುಕೊಂಡ ಕೂಡಲೆ ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಗೆ ಕರೆ. ಕೈ ಕೆಲಸದಲ್ಲಿರುತ್ತದೆ, ಬಾಯಿ ಖಾಲಿ. ನಾಲ್ಕು ಜನ ಸುಲಿಯುತ್ತಿದ್ದರೆ ನಾಲ್ಕೂ ಜನರ ಮಾತು ಆ ಕಡೆಗೆ ಕೇಳಿಸುತ್ತದೆ, ಹಾಗಾಗಿ ಸ್ಪೀಕರ್ ಹಾಕಿರುವುದನ್ನು ಮೊದಲೇ ಅವರಿಗೆ ಹೇಳಿ. ಮಾತ್ರೆ ಎಷ್ಟು ಉಳಿದಿದೆ ಅನ್ನುವ ಪ್ರಶ್ನೆಯನ್ನು ಸ್ಪೀಕರ್ ಆಫ್ ಮಾಡಿ ಕೇಳಿ.